ವಲಸೆ ಶಾಸನ ಮತ್ತು ಒಡೆದ ಕುಟುಂಬ

2025ರ ಏಪ್ರಿಲ್ 22ರಂದು ನಡೆದ ಪಹಲ್ಗಾಮ್ ಹತ್ಯಾಕಾಂಡದ ತರುವಾಯ ಭಾರತ ಸರ್ಕಾರವು ಪಾಕಿಸ್ತಾನದ ಪ್ರಜೆಗಳ ಬಹುತೇಕ ವೀಸಾಗಳನ್ನು ರದ್ದುಗೊಳಿಸಿತು. ಆಗ ಮೈಸೂರಿನ ಒಂದು ಮನೆಯಲ್ಲಿ ತಾಯಿ ಭಾರತೀಯಳು, ಆಕೆಯ ಮೂವರು ಎಳೆಯ ಮಕ್ಕಳು ಪಾಕಿಸ್ತಾನದ ಪ್ರಜೆಗಳು. ಮಕ್ಕಳ ವಾಸ್ತವ್ಯಕ್ಕೆ ಕೆಲವು ದಿನಗಳ ಅವಕಾಶ ಕೋರಿ ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿತು. ನ್ಯಾಯಾಲಯವು ಅದನ್ನು ಪುರಸ್ಕರಿಸಲಿಲ್ಲ. ರಾಷ್ಟ್ರರಕ್ಷಣೆ ಅಲ್ಪವಾದ ವಿಷಯವಲ್ಲ. ಆದರೂ ಒಂದೇ ಒಲೆಯ ಅನ್ನ ಉಂಡವರನ್ನು ಶಾಸನವು ಬೇರೆಬೇರೆ ಪಂಕ್ತಿಯಲ್ಲಿ ಕೂರಿಸಿದ್ದು ಇದೇ ಮೊದಲಲ್ಲ.

1913ರ ಮಾರ್ಚ್ 14ರಂದು ದಕ್ಷಿಣ ಆಫ್ರಿಕದ ಕೇಪ್ ಪ್ರಾಂತ್ಯದ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಸರ್ಲ್ ಅವರು ಒಂದು ತೀರ್ಪು ನೀಡಿದರು. ಅಲ್ಲಿ ನೆಲೆಸಿದ್ದ ಭಾರತೀಯ ಮುಸಲ್ಮಾನನೊಬ್ಬನನ್ನು ಸೇರಲು ಅವನ ಪತ್ನಿ ಬಾಯಿ ಮರಿಯಮ್ ಹಡಗಿನಲ್ಲಿ ಬಂದಿಳಿದಿದ್ದಳು. ನೆಲೆಸಿದವರ ಪತ್ನಿಗೆ ಪ್ರವೇಶವುಂಟೆಂದು ಶಾಸನವೇ ಹೇಳುತ್ತಿತ್ತು. ಪ್ರಶ್ನೆ ಒಂದೇ: ಪತ್ನಿ ಎಂದರೆ ಯಾರು? ಬಹುಪತ್ನೀತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಂತೆ ನಡೆದ ವಿವಾಹವನ್ನು ಆ ದೇಶದ ಕಾನೂನು ಮಾನ್ಯಮಾಡದೆಂದು ನ್ಯಾಯಾಲಯ ಹೇಳಿತು. ತೀರ್ಪು ಒಬ್ಬಾಕೆಯದು, ಪರಿಣಾಮವು ಹಿಂದೂ, ಮುಸ್ಲಿಮ್, ಪಾರಸಿ ಮನೆಗಳೆಲ್ಲಕ್ಕೂ ವ್ಯಾಪಿಸಿತು. ಕ್ರೈಸ್ತ ವಿಧಿಯಿಂದ ನಡೆಯದ, ಸರ್ಕಾರಿ ಪುಸ್ತಕದಲ್ಲಿ ನಮೂದಾಗದ ದಾಂಪತ್ಯಗಳೆಲ್ಲವೂ ಸಂಶಯಕ್ಕೊಳಗಾದುವು. ರುಜುವಿಲ್ಲದ ಖಾತೆಯನ್ನು ತಳ್ಳಿಹಾಕುವುದು ವ್ಯಾಪಾರಿಗೆ ಸಹಜ. ಸಪ್ತಪದಿ ತುಳಿದ ಹೆಣ್ಣನ್ನು ಹಾಗೆ ತಳ್ಳಿಹಾಕಬಹುದೇ?

ಗಾಂಧೀಜಿಯವರ ಸತ್ಯಾಗ್ರಹದಲ್ಲಿ ಸ್ತ್ರೀಯರು ಸೆರೆಮನೆಗೆ ಹೊರಟದ್ದು ಈ ಕಾರಣದಿಂದಲೇ. 1913ರ ಸೆಪ್ಟೆಂಬರಿನಲ್ಲಿ ಕಸ್ತೂರಬಾ ಮತ್ತಿತರರು ಅನುಮತಿಪತ್ರವಿಲ್ಲದೆ ಟ್ರಾನ್ಸ್‌ವಾಲ್ ಗಡಿ ದಾಟಿ ಬಂಧಿತರಾದರು. ಮೂರು ತಿಂಗಳ ಕಠಿಣ ಶಿಕ್ಷೆಯಾಯಿತು. ವಳ್ಳಿಯಮ್ಮ ಎಂಬ ಹದಿಹರೆಯದ ತಮಿಳು ಬಾಲೆ ಸೆರೆಯಿಂದ ಜ್ವರ ಹೊತ್ತು ಬಂದು 1914ರ ಫೆಬ್ರವರಿ 22ರಂದು ತೀರಿಕೊಂಡಳು. ಆ ವರ್ಷದ ಭಾರತೀಯರ ಪರಿಹಾರ ಶಾಸನವು ಒಬ್ಬ ಪತ್ನಿಯ ಮಟ್ಟಿಗೆ ವಿವಾಹವನ್ನು ಮಾನ್ಯಮಾಡಿ, ಭಾರತೀಯ ಪುರೋಹಿತರನ್ನು ವಿವಾಹಾಧಿಕಾರಿಗಳಾಗಿ ನೇಮಿಸಲು ಅವಕಾಶವಿತ್ತಿತು. ನ್ಯಾಯಾಲಯವು ಮುಚ್ಚಿದ ಬಾಗಿಲನ್ನು ತೆರೆದದ್ದು ಶಾಸನಸಭೆ. ಅದನ್ನು ತಟ್ಟಿದವರಲ್ಲಿ ಗೃಹಿಣಿಯರೂ ಇದ್ದರು.

ಸ್ವತಂತ್ರ ಭಾರತದಲ್ಲಿಯೂ ಇಂತಹ ವ್ಯಾಜ್ಯಗಳು ಬಂದುವು. ಪರವಾನಗಿಯಿಲ್ಲದೆ ಪಾಕಿಸ್ತಾನದಿಂದ ಮರಳಿದವರನ್ನು, ಭಾರತೀಯ ಪ್ರಜೆಗಳೇ ಆಗಿದ್ದರೂ, ಹೊರಹಾಕಲು 1949ರ ಕಾಯ್ದೆಯೊಂದು ಅಧಿಕಾರ ನೀಡಿತ್ತು. ಇಬ್ರಾಹಿಂ ವಜೀರ್ ಮಾವತ್ ಮೊಕದ್ದಮೆಯಲ್ಲಿ, 1954ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಆ ವಿಧಿಯನ್ನು ಅಸಿಂಧುವೆಂದು ಸಾರಿತು: ಸ್ವದೇಶದಲ್ಲಿ ನೆಲೆಸುವುದು ಪ್ರಜೆಯ ಹಕ್ಕು. ಮರುವರ್ಷವೇ ಹ್ಯಾನ್ಸ್ ಮುಲ್ಲರ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, 1946ರ ವಿದೇಶಿಯರ ಕಾಯ್ದೆಯಂತೆ ವಿದೇಶೀಯನನ್ನು ಹೊರಕಳಿಸುವ ಸರ್ಕಾರದ ಅಧಿಕಾರ ನಿರ್ಬಂಧರಹಿತವೆಂದಿತು. ಮೈಸೂರಿನ ಆ ತಾಯಿ ಮೊದಲನೆಯ ತೀರ್ಪಿನ ನೆರಳಿನಲ್ಲಿದ್ದಳು, ಮಕ್ಕಳು ಎರಡನೆಯದರ ಬಿಸಿಲಿನಲ್ಲಿ. 1946ರ ಕಾಯ್ದೆಯ ಸ್ಥಾನದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. ಹೊರಕಳಿಸುವ ಅಧಿಕಾರವು ಕೇಂದ್ರ ಸರ್ಕಾರದ ಕೈಯಲ್ಲಿಯೇ ಉಳಿದಿದೆ.