ವಿಡಿಯೋ ಆಟಗಳ ಪರೀಕ್ಷಕ : ಒಂದು ವೃತ್ತಿಯ ಅರ್ಹತೆಗಳ ಐತಿಹಾಸಿಕ ವಿವೇಚನೆ

ವಿಡಿಯೋ ಆಟಗಳನ್ನು ಪರೀಕ್ಷಿಸುವುದು ಇಂದು ಸಂಬಳ ತರುವ ಒಂದು ವೃತ್ತಿ. ಬೆಂಗಳೂರು, ಪುಣೆ, ಹೈದರಾಬಾದು ನಗರಗಳಲ್ಲಿಯೂ ಆಟಗಳ ಉದ್ಯಮ ನೆಲೆಗೊಂಡಿರುವುದರಿಂದ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಈ ವೃತ್ತಿಯ ವಿಷಯವಾಗಿ ಪ್ರಶ್ನಿಸುವುದು ಸಹಜವೇ ಆಗಿದೆ. ಆದರೆ ಆಟದಲ್ಲಿ ನಿಪುಣನಾದವನು ಪರೀಕ್ಷಕನಾಗಲು ತಾನಾಗಿಯೇ ಅರ್ಹನೆಂಬ ಭ್ರಮೆ ಆ ಪ್ರಶ್ನೆಯ ಹಿಂದೆ ಅಡಗಿರುವುದುಂಟು. ಈ ವೃತ್ತಿಗೆ ನಿಜವಾಗಿ ಬೇಕಾದ ಅರ್ಹತೆಗಳಾವುವೆಂಬುದನ್ನು ಆಟಗಳ ಚರಿತ್ರೆಯಿಂದಲೇ ನಿರ್ಣಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

1972ರಲ್ಲಿ ಅಟಾರಿ ಸಂಸ್ಥೆಯ ಅಲನ್ ಆಲ್ಕಾರ್ನ್ ಅವರು ರಚಿಸಿದ ‘ಪಾಂಗ್’ ಆಟದ ಮೊದಲ ಯಂತ್ರವನ್ನು ಕ್ಯಾಲಿಫೋರ್ನಿಯದ ಸನಿವೇಲ್ ಪಟ್ಟಣದ ಪಾನಗೃಹವೊಂದರಲ್ಲಿ ಇರಿಸಲಾಯಿತು. ಯಂತ್ರ ಕೆಟ್ಟಿದೆಯೆಂಬ ದೂರು ಬಂದಾಗ ಆಲ್ಕಾರ್ನರೇ ಹೋಗಿ ನೋಡಿದರು. ನಾಣ್ಯಗಳು ತುಂಬಿ ತುಳುಕಿದ್ದೇ ಯಂತ್ರ ನಿಂತುದಕ್ಕೆ ಕಾರಣವಾಗಿತ್ತು. ನಿರ್ಮಾಪಕನೇ ಪರೀಕ್ಷಕನೂ ದುರಸ್ತಿಗಾರನೂ ಆಗಿದ್ದ ಕಾಲವದು. ಕಂಡ ಲಕ್ಷಣ ಬೇರೆ, ಅದರ ಕಾರಣ ಬೇರೆ ಎಂಬ ವಿವೇಕವೇ ಪರೀಕ್ಷಕನ ಪ್ರಥಮ ಅರ್ಹತೆಯೆಂಬುದಕ್ಕೆ ಈ ಪ್ರಸಂಗವೇ ನಿದರ್ಶನ.

ಎರಡನೆಯ ಅರ್ಹತೆಯನ್ನು 1980ರ ‘ಪ್ಯಾಕ್-ಮ್ಯಾನ್’ ಬೋಧಿಸುತ್ತದೆ. ಜಪಾನಿನ ನಾಮ್ಕೊ ಸಂಸ್ಥೆಯ ಈ ಆಟದಲ್ಲಿ ಹಂತಗಳ ಎಣಿಕೆಗೆ 8 ಬಿಟ್‌ಗಳ ಸ್ಥಳವಿದ್ದಿತು. ಅಷ್ಟರಲ್ಲಿ 0ಯಿಂದ 255ರವರೆಗಿನ ಸಂಖ್ಯೆಗಳಿಗೆ ಮಾತ್ರ ಅವಕಾಶ. ಆದುದರಿಂದ 256ನೆಯ ಹಂತದಲ್ಲಿ ಲೆಕ್ಕ ತಪ್ಪಿ, ತೆರೆಯ ಬಲಭಾಗವೆಲ್ಲ ಅರ್ಥವಿಲ್ಲದ ಅಕ್ಷರಗಳಿಂದ ತುಂಬುತ್ತದೆ. ಸಾಮಾನ್ಯ ಆಟಗಾರನು ಆ ಹಂತವನ್ನು ಮುಟ್ಟುವುದೇ ದುರ್ಲಭ. ಪರೀಕ್ಷಕನಾದರೋ ಅಲ್ಲಿಗೇ ಹೋಗಿ ನೋಡಬೇಕು. ಗೆಲ್ಲುವ ದಾರಿಯನ್ನಲ್ಲ, ಮುರಿಯುವ ಎಡೆಯನ್ನು ಹುಡುಕುವುದು ಅವನ ಕರ್ತವ್ಯ. ಒಂದೇ ಬಾಗಿಲನ್ನು ನೂರು ಬಾರಿ ತೆರೆದು ಮುಚ್ಚುವ ತಾಳ್ಮೆಯಿಲ್ಲದವನಿಗೆ ಈ ಕೆಲಸ ಒಗ್ಗದು.

1982ರಲ್ಲಿ ಅಟಾರಿ ಸಂಸ್ಥೆಯು ‘ಇ.ಟಿ.’ ಆಟವನ್ನು ಕ್ರಿಸ್‌ಮಸ್ ವ್ಯಾಪಾರಕ್ಕೆಂದು ಸುಮಾರು ಐದು ವಾರಗಳಲ್ಲಿ ಸಿದ್ಧಪಡಿಸಿತು. ಮಾರಾಟವಾಗದ ಪ್ರತಿಗಳನ್ನು ಇತರ ಸರಕಿನೊಡನೆ 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊದಲ್ಲಿ ಹೂಳಲಾಯಿತು. 2014ರ ಉತ್ಖನನದಲ್ಲಿ ಅವು ದೊರೆತವು. 1983ರ ಅಮೆರಿಕನ್ ಮಾರುಕಟ್ಟೆಯ ಕುಸಿತಕ್ಕೆ ಈ ಒಂದು ಆಟವೇ ಕಾರಣವೆನ್ನುವುದು ಸರಿಯಲ್ಲ. ಬೇಡಿಕೆಯನ್ನು ಮೀರಿ ಹರಿದುಬಂದ ಕಳಪೆ ಸರಕು ಮುಖ್ಯ ಕಾರಣಗಳಲ್ಲೊಂದು. 1985ರಲ್ಲಿ ಅದೇ ಮಾರುಕಟ್ಟೆಯನ್ನು ಪ್ರವೇಶಿಸಿದ ನಿಂಟೆಂಡೊ ಸಂಸ್ಥೆಯು ತನ್ನ ಯಂತ್ರಕ್ಕಾಗಿ ಇತರರು ರಚಿಸಿದ ಆಟಗಳಿಗೂ ಪರವಾನಗಿಯನ್ನೂ ಗುಣಮುದ್ರೆಯನ್ನೂ ವಿಧಿಸಿತು. ಯಂತ್ರದ ಒಡೆಯರು ವಿಧಿಸುವ ಲಿಖಿತ ನಿಯಮಗಳಿಗೆ ಆಟವು ಹೊಂದುವುದೇ ಎಂದು ಒಂದೊಂದಾಗಿ ನೋಡುವುದೂ ಕ್ರಮೇಣ ಪರೀಕ್ಷಕನ ಪಾಲಿಗೆ ಬಂದಿತು.

ಇವೆಲ್ಲಕ್ಕಿಂತ ಮಿಗಿಲಾದುದು ಬರವಣಿಗೆ. ‘ಆಟ ಕೆಟ್ಟಿತು’ ಎಂದರೆ ಅದು ದೂರು, ವರದಿಯಲ್ಲ. ಆಟದ ಯಾವ ಆವೃತ್ತಿ, ಯಾವ ಯಂತ್ರ, ಯಾವ ಕ್ರಮದಲ್ಲಿ ಏನೇನು ಮಾಡಲಾಯಿತು, ಏನಾಗಬೇಕಿತ್ತು, ಏನಾಯಿತು, ಹತ್ತು ಬಾರಿ ಯತ್ನಿಸಿದರೆ ಎಷ್ಟು ಬಾರಿ ಹಾಗಾಗುತ್ತದೆ ಎಂಬಿಷ್ಟನ್ನೂ ಬರೆಯಬೇಕು. ಅದನ್ನೋದಿದ ಅಪರಿಚಿತ ತಂತ್ರಜ್ಞನಿಗೂ ಅದೇ ದೋಷ ಕಾಣಬೇಕು. ತಿದ್ದಿದ ಬಳಿಕ ತಿದ್ದುಪಡಿಯಿಂದ ಬೇರೆಡೆ ಹೊಸ ದೋಷ ಹುಟ್ಟಿಲ್ಲವೆಂಬುದನ್ನೂ ಪರಿಶೀಲಿಸಬೇಕು. ಸಾಕ್ಷ್ಯವನ್ನು ಊಹೆಯಿಂದ ಬೇರ್ಪಡಿಸುವ ಈ ಶಿಸ್ತು ಚರಿತ್ರೆಯ ವಿದ್ಯಾರ್ಥಿಗೆ ಅಪರಿಚಿತವಲ್ಲ.

ಆದರೆ ಸಾಕ್ಷ್ಯ ನುಡಿಯುವವನು ತೀರ್ಪು ಕೊಡುವವನಲ್ಲ. 2020ರ ಡಿಸೆಂಬರಿನಲ್ಲಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆಯ ‘ಸೈಬರ್‌ಪಂಕ್ 2077’ ದೋಷಗಳೊಡನೆ ಹೊರಬಂದಿತು. ಕೆಲವೇ ದಿನಗಳಲ್ಲಿ ಸೋನಿ ಸಂಸ್ಥೆಯು ಅದನ್ನು ತನ್ನ ಮಳಿಗೆಯಿಂದ ತೆಗೆದುಹಾಕಿತು. ಜನರು ಕಂಡ ದೋಷಗಳಲ್ಲಿ ಬಹುಭಾಗ ತಮ್ಮ ಪರೀಕ್ಷೆಯಲ್ಲಿ ಕಾಣಲಿಲ್ಲವೆಂದು 2021ರ ಜನವರಿಯಲ್ಲಿ ಸಂಸ್ಥೆಯ ಮುಖ್ಯಸ್ಥರು ಹೇಳಿದರು. ಸಾಮಾನ್ಯ ದೋಷಗಳನೇಕವು ಮೊದಲೇ ಕಂಡಿದ್ದವು, ತಿದ್ದಲು ಕಾಲವಿರಲಿಲ್ಲ ಎಂದು ಅಲ್ಲಿ ದುಡಿದ ಹಲವರು ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಗೆ ತಿಳಿಸಿದರು. ಸಂಸ್ಥೆಯೊಳಗಿನ ದಾಖಲೆಗಳನ್ನು ನೋಡದೆ ನಾವು ತೀರ್ಮಾನಿಸಲಾಗದು. ಆದರೂ ದೋಷವನ್ನು ಕಾಣುವುದು ಬೇರೆ, ಕಂಡುದನ್ನು ತಿದ್ದುವ ಅಧಿಕಾರ ಬೇರೆ ಎಂಬುದು ಇದರಿಂದ ವಿದಿತವಾಗುತ್ತದೆ.

ಪರೀಕ್ಷಕರ ಸ್ಥಾನಮಾನದ ಪ್ರಶ್ನೆಯೂ ಇಲ್ಲಿಯೇ ಉದ್ಭವಿಸುತ್ತದೆ. ಆಟದಂತೆ ಕಾಣುವುದರಿಂದಲೋ ಏನೋ, ಈ ಕೆಲಸ ಬಹುಕಾಲ ತಾತ್ಕಾಲಿಕ ಕರಾರಿನ ಕೆಲಸವಾಗಿಯೇ ನಡೆದುಬಂದಿದೆ. ಅಮೆರಿಕದ ರೇವನ್ ಸಾಫ್ಟ್‌ವೇರ್ ಸಂಸ್ಥೆಯು 2021ರ ಡಿಸೆಂಬರಿನಲ್ಲಿ ಕೆಲವು ಪರೀಕ್ಷಕರನ್ನು ಕೈಬಿಡಲು ಹೊರಟಾಗ ಅವರ ಸಹೋದ್ಯೋಗಿಗಳು ಕೆಲಸ ನಿಲ್ಲಿಸಿದರು. 2022ರ ಮೇ ತಿಂಗಳಲ್ಲಿ ಅಲ್ಲಿನ ಪರೀಕ್ಷಕರು 3ರ ವಿರುದ್ಧ 19 ಮತಗಳಿಂದ ಸಂಘವನ್ನು ಸ್ಥಾಪಿಸಿಕೊಂಡರು.

ಇನ್ನು ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ. ಪ್ರಾರಂಭದ ಹುದ್ದೆಗೆ ಇಂಥದೇ ಪದವಿ ಬೇಕೆಂಬ ನಿಯಮ ಎಲ್ಲೆಡೆಯೂ ಇಲ್ಲ. ಗಣಕಶಾಸ್ತ್ರದ ಪರಿಚಯ ಉಪಕಾರಿ. ಸ್ಪಷ್ಟವಾಗಿ ಬರೆಯಬಲ್ಲ ಇಂಗ್ಲಿಷ್ ಅಗತ್ಯ. ನಾನಾ ಬಗೆಯ ಆಟಗಳನ್ನಾಡಿದ ಅನುಭವ ಪೂರಕ. ಬಿಡುಗಡೆಗೆ ಮುನ್ನ ಸಾರ್ವಜನಿಕರಿಗೆ ತೆರೆದಿಡುವ ಬೀಟಾ ಆವೃತ್ತಿಗಳಲ್ಲಿ ದೋಷಗಳನ್ನು ಹುಡುಕಿ, ಕ್ರಮಬದ್ಧವಾದ ವರದಿಗಳನ್ನು ಬರೆದು ಕಾಪಾಡಿಕೊಂಡವನಿಗೆ ಸಂದರ್ಶನದಲ್ಲಿ ತೋರಿಸಲು ಏನಾದರೂ ಇರುತ್ತದೆ. ಆದರೆ ಸೇರುವ ಮುನ್ನ ಎರಡು ಸಂಗತಿಗಳನ್ನು ಅವನು ವಿಚಾರಿಸಿಕೊಳ್ಳಬೇಕು: ಕೆಲಸ ಎಷ್ಟು ಕಾಲದ್ದು, ತಾನು ಬರೆದ ವರದಿಗೆ ಅಲ್ಲಿ ಎಷ್ಟು ಬೆಲೆ. ಇವೆರಡನ್ನೂ ಕೇಳಬಲ್ಲವನು ಪರೀಕ್ಷಕನ ಕೆಲಸವನ್ನು ಆಗಲೇ ಆರಂಭಿಸಿದ್ದಾನೆಂದು ಹೇಳಬಹುದು.