ಫಿಲ್ ಕಾಟ್ಜ್ ಬಿಟ್ಟುಹೋದ ಜಿಪ್

ಹಳೆಯ ಕ್ರಯಪತ್ರ ಓದಿದವರಿಗೆಲ್ಲ ‘ಸದರಿ’ ಎಂಬ ಪದ ಗೊತ್ತು. ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಎಲ್ಲವನ್ನೂ ಒಮ್ಮೆ ಬರೆದ ಮೇಲೆ ಪತ್ರ ಬರಹಗಾರ ಅದನ್ನೇ ಮತ್ತೆ ಬರೆಯುವುದಿಲ್ಲ. ‘ಸದರಿ ಸ್ವತ್ತು’ ಎಂದರೆ ಸಾಕು, ಬೇಕಾದವರು ಹಿಂದಿನ ಪುಟ ತಿರುವಿ ನೋಡಿಕೊಳ್ಳುತ್ತಾರೆ. ಕಂಪ್ಯೂಟರಿನ ಫೈಲು ಕುಗ್ಗಿಸುವ ತಂತ್ರಾಂಶ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ. ಇಸ್ರೇಲಿನ ಅಬ್ರಹಾಂ ಲೆಂಪೆಲ್ ಮತ್ತು ಯಾಕೋಬ್ ಜಿವ್ 1977ರಲ್ಲಿ ಪ್ರಕಟಿಸಿದ ವಿಧಾನದ ತಿರುಳೂ ಅದೇ: ಬಂದುಹೋದ ಅಕ್ಷರಗಳ ಸಾಲು ಮತ್ತೆ ಬಂದರೆ ಅದನ್ನು ಬರೆಯಬೇಡ, ‘ಇಷ್ಟು ಹಿಂದಕ್ಕೆ ಹೋಗಿ ಇಷ್ಟು ಅಕ್ಷರ ತೆಗೆದುಕೋ’ ಎಂಬ ಗುರುತು ಮಾತ್ರ ಇಡು. ಬಿಚ್ಚಿದಾಗ ಒಂದಕ್ಷರವೂ ಕಳೆದುಹೋಗಿರುವುದಿಲ್ಲ.

ಆ ಗಣಿತ ಮನೆಯ ಕಂಪ್ಯೂಟರಿಗೆ ಇಳಿದುಬಂದದ್ದು ಫೋನ್ ಬಿಲ್ಲಿನ ಭಯದಿಂದ. 1980ರ ದಶಕದಲ್ಲಿ ಅಮೆರಿಕದ ಹವ್ಯಾಸಿಗಳು ಮೋಡೆಮ್ ಮೂಲಕ ‘ಬುಲೆಟಿನ್ ಬೋರ್ಡ್’ಗಳಿಗೆ ಕರೆಮಾಡಿ ತಂತ್ರಾಂಶಗಳನ್ನು ಹಂಚಿಕೊಳ್ಳುತ್ತಿದ್ದರು. 2400 ಬಿಟ್ ವೇಗದ ಮೋಡೆಮ್‌ನಲ್ಲಿ ಸೆಕೆಂಡಿಗೆ ಸುಮಾರು 240 ಅಕ್ಷರ ಸಾಗುತ್ತಿದ್ದವು. 360 ಕಿಲೋಬೈಟಿನ ಒಂದು ಫ್ಲಾಪಿಯಷ್ಟು ಸರಕು ಇಳಿಸಿಕೊಳ್ಳಲು 25 ನಿಮಿಷ ಬೇಕಿತ್ತು, ದೂರದ ಊರಿನ ಕರೆಯಾದರೆ ಅಷ್ಟು ಹೊತ್ತೂ ದುಡ್ಡು ಓಡುತ್ತಿತ್ತು. ಫೈಲು ಅರ್ಧಕ್ಕೆ ಇಳಿದರೆ ಬಿಲ್ಲೂ ಅರ್ಧ.

1985ರಲ್ಲಿ ಥಾಮ್ ಹೆಂಡರ್ಸನ್ ಅವರ ಸಂಸ್ಥೆ ‘ಸೀ’ ಹೊರತಂದ ‘ಆರ್ಕ್’ ಎಂಬ ಫೈಲು ಕುಗ್ಗಿಸುವ ತಂತ್ರಾಂಶ ಈ ಬೋರ್ಡುಗಳಲ್ಲೆಲ್ಲ ಬಳಕೆಗೆ ಬಂತು. ಮರುವರ್ಷವೇ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯ ಯುವಕ ಫಿಲ್ ಕಾಟ್ಜ್, ತಾಯಿಯ ಮನೆಯ ಅಡುಗೆಮನೆ ಮೇಜಿನ ಮೇಲೆ ಶುರುಮಾಡಿದ ಉದ್ಯಮದಿಂದ ‘ಪಿಕೆಆರ್ಕ್’ ಬಂತು. ಅದೇ ಫೈಲುಗಳು, ಅದೇ ರಚನೆ, ವೇಗ ಮಾತ್ರ ಬಹಳ ಹೆಚ್ಚು. ಜನ ಅದರ ಕಡೆ ವಾಲಿದರು.

1988ರಲ್ಲಿ ಸೀ ಸಂಸ್ಥೆ ಮೊಕದ್ದಮೆ ಹೂಡಿತು. ತಜ್ಞರು ಎರಡೂ ತಂತ್ರಾಂಶಗಳ ಮೂಲಸಂಕೇತವನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಟಿಪ್ಪಣಿಗಳು, ಅವುಗಳ ಕಾಗುಣಿತದ ತಪ್ಪುಗಳು ಸಹ ಕೆಲವೆಡೆ ಒಂದೇ ಆಗಿದ್ದವು. ಕಾಟ್ಜ್ ಹಣ ತೆತ್ತು ರಾಜಿ ಮಾಡಿಕೊಂಡರು, ಆ ರಚನೆಯನ್ನು ಕೈಬಿಡಲು ಒಪ್ಪಿದರು. ಆದರೂ ಬೋರ್ಡುಗಳ ಜನ ನಿಂತದ್ದು ಅವರ ಪರವಾಗಿ. ದೊಡ್ಡ ಕಂಪನಿಯೊಂದು ಒಬ್ಬಂಟಿ ಹುಡುಗನನ್ನು ತುಳಿಯುತ್ತಿದೆ ಎಂದೇ ಅವರು ನಂಬಿದ್ದರು. ವಾಸ್ತವದಲ್ಲಿ ಸೀ ಕೂಡ ಬೆರಳೆಣಿಕೆಯ ಜನರ ಪುಟ್ಟ ಸಂಸ್ಥೆ. ಹೆಂಡರ್ಸನ್ ಅವರಿಗೆ ಸಲ್ಲಬೇಕಾದ ನ್ಯಾಯ ಆ ದಿನಗಳಲ್ಲಿ ಸಲ್ಲಲಿಲ್ಲ ಎಂದೇ ಹೇಳಬೇಕು.

ಸೋತ ಕಾಟ್ಜ್ ಮುಂದೆ ಮಾಡಿದ ಕೆಲಸದಿಂದಲೇ ಇಂದಿಗೂ ಅವರ ಹೆಸರು ಉಳಿದಿದೆ. 1989ರಲ್ಲಿ ಹೊಸ ರಚನೆಯ ‘ಪಿಕೆಜಿಪ್’ ಹೊರಬಂತು. ಜಿಪ್ ಫೈಲಿನೊಳಗೆ ಯಾವ ಬೈಟ್ ಎಲ್ಲಿರುತ್ತದೆ ಎಂಬ ಪೂರ್ತಿ ವಿವರವನ್ನು ಅವರು ಜೊತೆಗೇ ಪ್ರಕಟಿಸಿದರು. ಯಾರು ಬೇಕಾದರೂ ಜಿಪ್ ಕಟ್ಟುವ, ಬಿಚ್ಚುವ ತಂತ್ರಾಂಶ ಬರೆಯಬಹುದಾಯಿತು. 1993ರ ಆವೃತ್ತಿಯಲ್ಲಿ ಬಂದ ‘ಡಿಫ್ಲೇಟ್’ ವಿಧಾನ, ಲೆಂಪೆಲ್–ಜಿವ್ ಉಪಾಯಕ್ಕೆ ಡೇವಿಡ್ ಹಫ್‌ಮನ್ 1952ರಲ್ಲಿ ಪ್ರಕಟಿಸಿದ ಇನ್ನೊಂದನ್ನು ಬೆಸೆಯಿತು: ಹೆಚ್ಚು ಬಳಕೆಯಾಗುವುದಕ್ಕೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ.

ಪೈಪೋಟಿಗೆ ಕೊರತೆಯಿರಲಿಲ್ಲ. ಜಪಾನಿನಿಂದ ಹರುಯಾಸು ಯೊಶಿಜಾಕಿ ಅವರ ಎಲ್‌ಎಚ್‌ಎ ಬಂತು. ದೊಡ್ಡ ಫೈಲನ್ನು ಹಲವು ಫ್ಲಾಪಿಗಳಿಗೆ ಹಂಚುವುದರಲ್ಲಿ ಎಆರ್‌ಜೆ ಪಳಗಿತ್ತು. ರಷ್ಯಾದ ರೋಶಾಲ್ 1993ರಲ್ಲಿ ತಂದ ರಾರ್‌ನಲ್ಲಿ, ಫೈಲು ಸ್ವಲ್ಪ ಹಾಳಾದರೂ ಸರಿಪಡಿಸಿಕೊಳ್ಳಲು ಹೆಚ್ಚುವರಿ ಮಾಹಿತಿ ಸೇರಿಸಿಡುವ ಅನುಕೂಲವಿತ್ತು. ಹತ್ತು ಫ್ಲಾಪಿಗಳಲ್ಲಿ ಒಂದು ಕೆಟ್ಟು ಉಳಿದ ಒಂಬತ್ತೂ ದಂಡವಾದ ದುಃಖ ಕಂಡವರಿಗೆ ಅದರ ಬೆಲೆ ಗೊತ್ತು. 1999ರಲ್ಲಿ ರಷ್ಯಾದವರೇ ಆದ ಈಗೊರ್ ಪಾವ್ಲೊವ್ ಅವರ 7-ಜಿಪ್ ಬಂತು, ಉಚಿತವಾಗಿ. ಅದರ 7ಝಡ್ ರಚನೆ ಸಾಮಾನ್ಯವಾಗಿ ಜಿಪ್‌ಗಿಂತ ಬಿಗಿಯಾಗಿ ಹಿಂಡುತ್ತದೆ.

ಕನ್ನಡದ ಬರಹ ಹೀಗೆ ಹಿಂಡಿಸಿಕೊಳ್ಳಲು ಹೇಳಿಮಾಡಿಸಿದಂತಿದೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ‘ಕ’ ಎಂದರೆ 224, 178, 149. ‘ಗ’ ಎಂದರೆ 224, 178, 151. ‘ಕನ್ನಡ’ ಎಂಬ ಪದದಲ್ಲಿ ಕ, ನ, ಒತ್ತು ಮೂಡಿಸುವ ಹಲಂತ, ಮತ್ತೊಂದು ನ, ಡ ಸೇರಿ ಐದು ಚಿಹ್ನೆ, 15 ಬೈಟ್. ಅದರಲ್ಲಿ ಐದು ಬೈಟ್ ಅದೇ 224. ಇಂಗ್ಲಿಷಿನ ಅಕ್ಷರ ಒಂದೇ ಬೈಟಿನಲ್ಲಿ ಮುಗಿಯುವಾಗ ಕನ್ನಡಕ್ಕೆ ಮೂರುಪಟ್ಟು ಜಾಗ ಹಿಡಿಯುತ್ತದಲ್ಲ ಎಂಬ ಕೊರಗು ಜಿಪ್ ಮಾಡಿದೊಡನೆ ಬಹುಪಾಲು ಕರಗುತ್ತದೆ.

ಹಾಗಾದರೆ ಮನೆಯ ಕಂಪ್ಯೂಟರಿಗೆ ಯಾವುದು? ಜಾಗ ಉಳಿಸುವುದೇ ಗುರಿಯಾದರೆ 7-ಜಿಪ್ ಸಾಕು, ಪಾಸ್‌ವರ್ಡ್ ಹಾಕಿಡುವ ಕಾಗದಪತ್ರಗಳಿಗೂ ಅದೇ ವಾಸಿ, ಏಕೆಂದರೆ ಹಳೆಯ ಜಿಪ್‌ನ ಪಾಸ್‌ವರ್ಡ್ ಬೀಗ ದುರ್ಬಲ. ಫೋಟೊ, ವಿಡಿಯೊಗಳನ್ನು ಕುಗ್ಗಿಸಲು ಹೊರಡುವುದು ವ್ಯರ್ಥ. ಅವು ಮೊದಲೇ ಕುಗ್ಗಿರುತ್ತವೆ. ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ತೆರೆಯಬೇಕಾದ ಬರಹ, ಲೆಕ್ಕ, ವಂಶಾವಳಿಗಳಿಗೆ ಮಾತ್ರ ಜಿಪ್ಪೇ ಸರಿ. ಅದರ ಒಳಗುಟ್ಟು ಲೋಕಕ್ಕೆಲ್ಲ ತಿಳಿದಿರುವುದರಿಂದ ಯಾವ ಕಂಪನಿ ಮುಚ್ಚಿದರೂ ಬಿಚ್ಚುವವರು ಸಿಗುತ್ತಾರೆ.

ಕಾಟ್ಜ್ 2000ದ ಏಪ್ರಿಲ್ 14ರಂದು, 37ನೇ ವಯಸ್ಸಿನಲ್ಲಿ, ಮಿಲ್ವಾಕಿಯ ಮೋಟೆಲ್ ಕೋಣೆಯೊಂದರಲ್ಲಿ ತೀರಿಕೊಂಡರು. ಕುಡಿತ ಅವರನ್ನು ಬಲಿ ತೆಗೆದುಕೊಂಡಿತ್ತು. ಇಂದಿನ ವರ್ಡ್ ಕಡತ, ಆಂಡ್ರಾಯ್ಡ್ ಆ್ಯಪ್, ಹಲವು ಇ-ಪುಸ್ತಕಗಳು ಒಳಗೆ ಜಿಪ್ ಫೈಲುಗಳೇ. ಅವುಗಳಲ್ಲಿ ಯಾವುದನ್ನಾದರೂ ನೋಟ್‌ಪ್ಯಾಡಿನಲ್ಲಿ ತೆರೆದರೆ ಅರ್ಥವಾಗದ ಗೆರೆಗಳ ರಾಶಿಯ ಮೊದಲಲ್ಲಿ ಎರಡು ಇಂಗ್ಲಿಷ್ ಅಕ್ಷರ ಕಾಣುತ್ತವೆ: ಪಿ ಮತ್ತು ಕೆ.