ಬದಲಾದದ್ದಷ್ಟೇ ನಕಲಾಗಲಿ

ಧಾರವಾಡ ಪುಸ್ತಕದ ಊರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1933ರಲ್ಲಿ ಮನೋಹರ ಗ್ರಂಥಮಾಲೆ ಹುಟ್ಟಿದ್ದು ಇಲ್ಲಿಯೇ. ಈಗ ಹಸ್ತಪ್ರತಿಯೆಂದರೆ ಕಂಪ್ಯೂಟರಿನ ಒಂದು ಫೋಲ್ಡರ್. ಧಾರವಾಡದಲ್ಲಿ ಡಿಟಿಪಿ ಆದ ಪುಟಗಳು ಪೆನ್‌ಡ್ರೈವ್‌ನಲ್ಲಿ ಹುಬ್ಬಳ್ಳಿಯ ಪ್ರೆಸ್ಸಿಗೆ ಹೋಗುತ್ತವೆ, ಕರಡು ತಿದ್ದಿಸಿಕೊಂಡು ಮರಳುತ್ತವೆ. ಎರಡು ಕಡೆಯ ಪ್ರತಿಗಳಲ್ಲಿ ಹೊಸದು ಯಾವುದು? ಕಮಾಂಡ್ ಲೈನ್ ಸಾಧನಗಳು ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ಬಿಡಿಸುತ್ತಿರುವ ಪ್ರಶ್ನೆ ಇದು.

ಮೊದಲು ಸಿಕ್ಕ ಉತ್ತರ ಗಡಿಯಾರದ್ದು. 1979ರ ಯುನಿಕ್ಸ್ ಏಳನೇ ಆವೃತ್ತಿಯ ‘ಟಾರ್’ನಲ್ಲೇ ‘ಯು’ ಎಂಬ ಆಯ್ಕೆ ಇತ್ತು: ಸಂಗ್ರಹದಲ್ಲಿ ಇಲ್ಲದ ಅಥವಾ ಆಮೇಲೆ ತಿದ್ದಿದ ಫೈಲನ್ನಷ್ಟೇ ಅದು ಸೇರಿಸುತ್ತಿತ್ತು. ಗ್ನೂ ‘ಸಿಪಿ’ಯ ‘ಯು’, ವಿಂಡೋಸ್ ‘ಎಕ್ಸ್‌ಕಾಪಿ’ಯ ‘ಡಿ’ ಇದೇ ದಾರಿಯವು. ಆದರೆ ಫ್ಯಾಟ್ ಮಾದರಿಯ ಪೆನ್‌ಡ್ರೈವ್ ಸಮಯವನ್ನು 2 ಸೆಕೆಂಡಿನ ಲೆಕ್ಕದಲ್ಲಿ ಬರೆದಿಡುತ್ತದೆ. ಹಾಗಾಗಿ ಮುಟ್ಟದ ಫೈಲೂ ಬದಲಾದಂತೆ ಕಾಣಬಹುದು.

1996ರಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ‘ಆರ್‌ಸಿಂಕ್’ ತಂದರು. ಆ ಕಡೆಯ ಯಂತ್ರ ತನ್ನ ಹಳೆಯ ಪ್ರತಿಯನ್ನು ತುಂಡು ಮಾಡಿ ಪ್ರತಿ ತುಂಡಿನ ಮೊತ್ತವನ್ನು ಕಳಿಸುತ್ತದೆ. ಈ ಕಡೆಯದು ಒಂದೊಂದೇ ಬೈಟ್ ಸರಿಯುತ್ತ, ಬಿಟ್ಟ ಬೈಟ್ ಕಳೆದು ಬಂದ ಬೈಟ್ ಕೂಡಿಸುತ್ತ, ಹೊಂದುವ ತುಂಡುಗಳನ್ನು ಹುಡುಕುತ್ತದೆ. ಹೊಂದದ ಭಾಗ ಮಾತ್ರ ತಂತಿಯ ಮೇಲೆ ಹೋಗುತ್ತದೆ. ಈ ಕ್ಷೇತ್ರದ ಅತ್ಯಂತ ಸುಂದರ ಕಲ್ಪನೆ ಇದೆಂದು ನನ್ನ ಎಣಿಕೆ. ಆದರೂ ಒಂದೇ ಯಂತ್ರದ ಎರಡು ಫೋಲ್ಡರುಗಳ ನಡುವೆ ಅದು ಈ ಜಾಣತನ ಬಳಸುವುದಿಲ್ಲ. ಗಾತ್ರ, ಸಮಯ ನೋಡಿ, ವ್ಯತ್ಯಾಸವಿದ್ದರೆ ಇಡೀ ಫೈಲನ್ನೇ ನಕಲಿಸುತ್ತದೆ. ವಿಂಡೋಸ್‌ನ ‘ರೋಬೊಕಾಪಿ’ಯೂ ಗಾತ್ರ, ಸಮಯಗಳನ್ನೇ ನಂಬಿದೆ.

ನಮ್ಮವರಿಗೆ ನಿಜವಾದ ತೊಡಕು ಹೆಸರಿನಲ್ಲಿದೆ. ‘ಬೇಂದ್ರೆ’ ಎಂಬ ಫೈಲನ್ನೇ ತೆಗೆದುಕೊಳ್ಳಿ. ‘ಬೇ’ಯ ಸ್ವರಚಿಹ್ನೆಗೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಿದೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಅದನ್ನು ಎತ್ವ ಒಂದು, ದೀರ್ಘ ಒಂದು ಎಂದು ಒಡೆದು ಇಡುತ್ತದೆ. ಅಲ್ಲಿಂದ, ಇದೇ ಫೈಲು ಒಂದೇ ಸಂಕೇತದ ಹೆಸರಿನಲ್ಲಿ ಈಗಾಗಲೇ ಇರುವ ಲಿನಕ್ಸಿಗೆ ಆರ್‌ಸಿಂಕ್ ಮಾಡಿದರೆ ಪರದೆಯ ಮೇಲೆ ಎರಡು ‘ಬೇಂದ್ರೆ’ ಕಾಣುತ್ತವೆ. ‘ಡಿಲೀಟ್’ ಆಯ್ಕೆಯೂ ಇದ್ದರೆ, ಲಿನಕ್ಸಿನಲ್ಲಿ ತಿದ್ದಿದ ಪ್ರತಿಯೇ ಅಳಿಸಿಹೋಗುತ್ತದೆ. ಹೆಸರೇ ಬೇರೆಯಾದ್ದರಿಂದ ಆರ್‌ಸಿಂಕ್‌ನ ‘ಯು’ ಆಯ್ಕೆಯೂ ಅದನ್ನು ಕಾಯದು. 2008ರ 3.0 ಆವೃತ್ತಿಯಲ್ಲಿ ಬಂದ ‘ಐಕಾನ್ವ್’ ಆಯ್ಕೆ ಇದಕ್ಕೆ ಮದ್ದು. ಆಪಲ್ ಬಹುಕಾಲ ಕೊಡುತ್ತಿದ್ದ 2.6.9ರಲ್ಲಿ ಅದಿಲ್ಲ.

1947ರ ಬಿವಿಬಿ ಕಾಲೇಜಿನಿಂದ 2016ರ ಐಐಟಿಯವರೆಗೆ ತಾಂತ್ರಿಕ ಶಿಕ್ಷಣ ಬೆಳೆದ ಅವಳಿ ನಗರ ನಮ್ಮದು. ಇಲ್ಲಿನ ಲ್ಯಾಬುಗಳಲ್ಲಿ ಈ ಪಾಠವನ್ನು ಕನ್ನಡ ಹೆಸರಿನ ಫೈಲುಗಳ ಮೇಲೆಯೇ ಕಲಿಸಿರಿ. ‘ಡಿಲೀಟ್’ ಬಳಸುವ ಮುನ್ನ ‘ಎನ್’, ‘ವಿ’ ಆಯ್ಕೆಗಳನ್ನು ಒಟ್ಟಿಗೆ ಹಾಕಿ, ಏನೇನು ಅಳಿಯಲಿದೆ ಎಂಬ ಪಟ್ಟಿಯನ್ನು ಓದಿಕೊಳ್ಳಲು ಹೇಳಿರಿ.